ಡಬ್ಲಿನ್ನಿನ ಅಕ್ಕನಿಗೆ, ಲಂಡನ್ನಿನಿಂದ

ಫ್ರಾನ್ಸಿಸ್ ಚೇಂಬರ್ಲೇನ್ ಎಂಬ ಡಬ್ಲಿನ್ನಿನ ಹುಡುಗಿಗೆ ಬರೆಯಲು ಕಲಿಸುವುದೇ ಬೇಡವೆಂದು ಅವಳ ಪಾದ್ರಿ ತಂದೆ ಹಟ ಹಿಡಿದಿದ್ದರಂತೆ. ಓದನ್ನಾದರೂ ಹೇಗೋ ಸಹಿಸಿಕೊಳ್ಳಬಹುದು, ಬರಹ ಮಾತ್ರ ಕೂಡದು. ಹೆಣ್ಣಿನ ಕೈಗೆ ಲೇಖನಿ ಸಿಕ್ಕರೆ ಪ್ರೇಮಪತ್ರ ಹುಟ್ಟುತ್ತದೆ, ಅದಿಲ್ಲದಿದ್ದರೆ ಗೆಳತಿಯರ ನಡುವೆ ಮನಸ್ಸು ಬಿಚ್ಚುವ ಪತ್ರಗಳು ಹುಟ್ಟುತ್ತವೆ ಎಂಬ ಭಯ. ಅಣ್ಣಂದಿರು ಕದ್ದುಮುಚ್ಚಿ ಕಲಿಸಿದರು. ಅವಳೇ ಮುಂದೆ ಫ್ರಾನ್ಸಿಸ್ ಶೆರಿಡನ್ ಆಗಿ, 1761ರಲ್ಲಿ ‘ಸಿಡ್ನಿ ಬಿಡುಲ್ಫ್’ ಕಾದಂಬರಿ ಬರೆದು ಹೆಸರು ಮಾಡಿದಳು. ಈ ಕಥೆಯನ್ನು ನಮಗೆ ದಾಟಿಸಿದವಳು ಅವಳ ಮೊಮ್ಮಗಳು ಅಲಿಶಿಯಾ ಲೆಫಾನು, 1824ರಲ್ಲಿ. ನಡುವಿನ ತಲೆಮಾರಿನವಳು, ಫ್ರಾನ್ಸಿಸ್‌ಳ ಮಗಳು ಬೆಟ್ಸಿ ಶೆರಿಡನ್, ಅಜ್ಜನ ಭಯವನ್ನು ಚೆನ್ನಾಗಿಯೇ ನಿಜ ಮಾಡಿದಳು. ಪ್ರೇಮಪತ್ರ ಬರೆದಳೋ ಇಲ್ಲವೋ, ಡಬ್ಲಿನ್ನಿನಲ್ಲಿದ್ದ ಅಕ್ಕನಿಗೆ ಇಂಗ್ಲೆಂಡಿನಿಂದ ಕಂತೆಗಟ್ಟಲೆ ಬರೆದಳು.

ಐರಿಷ್ ಲೇಖಕಿಯರು ಇಂಗ್ಲೆಂಡಿನಿಂದ ತವರಿಗೆ ಬರೆದ ಪತ್ರಗಳದ್ದೇ ಒಂದು ಪರಂಪರೆ ಇದೆ. ಬೆಟ್ಸಿಯಿಂದ ಹಿಡಿದರೆ ಮರಿಯಾ ಎಜ್‌ವರ್ತ್, ಲೇಡಿ ಮಾರ್ಗನ್‌ವರೆಗೆ ಸುಮಾರು ಅರವತ್ತು ವರ್ಷ ಸಾಗುತ್ತದೆ. ಚರಿತ್ರೆಕಾರರು ಈ ಪತ್ರಗಳನ್ನು ಮನಸೋ ಇಚ್ಛೆ ಬಳಸಿಕೊಂಡಿದ್ದಾರೆ: ಶೆರಿಡನ್ ಎಂಬ ನಾಟಕಕಾರನ ಮನೆ ಹೇಗಿತ್ತು, ಕವಿ ಬೈರನ್ ಹೇಗೆ ಕಾಣುತ್ತಿದ್ದ, ರಾಜನಿಗೆ ಹುಚ್ಚು ಹಿಡಿದಾಗ ಊರು ಏನೆಂದಿತು. ಬೇಕಾದ ಸಾಲು ಕಿತ್ತುಕೊಂಡು ಉಳಿದದ್ದನ್ನು ಬಿಸಾಡುವ ಈ ಓದಿನ ಮೇಲೆ ನನಗೆ ತಕರಾರಿದೆ. ಈ ಲೇಖಕಿಯರ ಒಳ್ಳೆಯ ಗದ್ಯ ಬಹುಪಾಲು ಇರುವುದು ಪತ್ರಗಳಲ್ಲಿ, ಕಾದಂಬರಿಗಳಲ್ಲಲ್ಲ. ಕಾರಣ ಸರಳ. ಕಾದಂಬರಿ ಓದುವವರಿಗೆ ನೀತಿ ಹೇಳಬೇಕಿತ್ತು, ಅಕ್ಕತಂಗಿಯರಿಗೆ ಹೇಳಬೇಕಿರಲಿಲ್ಲ.

ಬೆಟ್ಸಿಯ ಪತ್ರಗಳು ಎರಡು ಕಂತಿನವು: 1784ರಿಂದ 1786, ಮತ್ತೆ 1788ರಿಂದ 1790. ದಿನವೂ ಒಂದಿಷ್ಟು ಬರೆದು, ಹಾಳೆ ತುಂಬಿದ ಮೇಲೆ ಅಂಚೆಗೆ ಹಾಕುವ ದಿನಚರಿಯ ರೀತಿ. ಅಕ್ಕ ಅಲಿಶಿಯಾ (ಮೇಲೆ ಹೇಳಿದ ಮೊಮ್ಮಗಳಲ್ಲ, ಅದೇ ಹೆಸರಿನವಳು) ಜೋಸೆಫ್ ಲೆಫಾನುವನ್ನು ಮದುವೆಯಾಗಿ ಡಬ್ಲಿನ್ನಿನಲ್ಲಿ ನೆಲೆಸಿದ್ದಳು. ಬೆಟ್ಸಿ ಆಗಿನ್ನೂ ಮದುವೆಯಾಗದೆ ತಂದೆಯ ಜೊತೆ ಲಂಡನ್, ಬಾತ್, ಟನ್‌ಬ್ರಿಜ್ ವೆಲ್ಸ್ ಎಂದು ಸುತ್ತುತ್ತಿದ್ದಳು. ತಂದೆ ಥಾಮಸ್ ಶೆರಿಡನ್ ಹಳೆಯ ನಟ. ಇಂಗ್ಲಿಷರಿಗೇ ಸರಿಯಾದ ಇಂಗ್ಲಿಷ್ ಉಚ್ಚಾರಣೆ ಕಲಿಸಹೊರಟ ಐರಿಷ್ ಮನುಷ್ಯ; 1780ರಲ್ಲಿ ಅದಕ್ಕೆಂದೇ ನಿಘಂಟು ತಂದವರು. ಇಂಥವರ ಮನೆಯಲ್ಲಿ ಬೆಳೆದ ಮಗಳಿಗೆ ಕಿವಿ ಚುರುಕು. ಯಾರು ಹೇಗೆ ಮಾತಾಡಿದರು, ಯಾವ ಮಾತನ್ನು ನುಂಗಿಕೊಂಡರು ಎಂಬುದು ಅವಳಿಗೆ ಟೋಪಿ, ಕೂದಲ ಅಲಂಕಾರ, ನಾಟಕಗಳ ಸುದ್ದಿಯಷ್ಟೇ ಮುಖ್ಯ.

ಮನೆಯ ಸ್ಥಿತಿಯೂ ಪತ್ರಕ್ಕೆ ಹೇಳಿಮಾಡಿಸಿದ್ದು. ತಂದೆಗೂ ಅಣ್ಣ ರಿಚರ್ಡ್‌ಗೂ ಎಣ್ಣೆಸೀಗೆ. ‘ಸ್ಕೂಲ್ ಫಾರ್ ಸ್ಕ್ಯಾಂಡಲ್’ ಬರೆದ, ಡ್ರೂರಿ ಲೇನ್ ರಂಗಮಂದಿರ ನಡೆಸುವ, ಪಾರ್ಲಿಮೆಂಟಿನಲ್ಲಿ ಮೆರೆಯುವ ಮಗನ ಮುಖ ನೋಡಲೂ ತಂದೆ ಒಲ್ಲೆ ಎನ್ನುತ್ತಿದ್ದ ಕಾಲ. ತಂದೆಯ ಸೇವೆ ಬಿಡುವಂತಿಲ್ಲ, ಅಣ್ಣನ ಮನೆಯ ನಂಟು ಕಡಿಯುವಂತಿಲ್ಲ. ಎದುರಿಗಿದ್ದವರ ಹತ್ತಿರ ಆಡಲಾಗದ್ದನ್ನು ಬೆಟ್ಸಿ ಅಕ್ಕನಿಗೆ ಆಡುತ್ತಾಳೆ. ದೂರು ಹೇಳುವಾಗಲೂ ದನಿ ಏರುವುದಿಲ್ಲ. ಇಬ್ಬರ ಸ್ವಭಾವವೂ ಅಕ್ಕನಿಗೆ ಗೊತ್ತಿದ್ದದ್ದೇ, ವಿವರಣೆ ಬೇಕಿಲ್ಲ. 1788ರ ಆಗಸ್ಟ್ 14ರಂದು ಥಾಮಸ್ ಮಾರ್ಗೇಟ್ ಎಂಬ ಕಡಲ ತೀರದ ಊರಿನಲ್ಲಿ ತೀರಿಕೊಂಡರು. ಕೊನೆಗಾಲಕ್ಕೆ ರಿಚರ್ಡ್ ಧಾವಿಸಿ ಬಂದ. ಬಳಿಕ ಬೆಟ್ಸಿ ಅಣ್ಣನ ಆಶ್ರಯಕ್ಕೆ ಬಂದಳು.

ಇಲ್ಲಿಂದ ಮುಂದಿನ ಚಳಿಗಾಲದ ಪತ್ರಗಳೇ ಬೆಟ್ಸಿಯ ಪತ್ರಸಂಕಲನದ ಜೀವಾಳ. 1788ರ ನವೆಂಬರಿನಲ್ಲಿ ಮೂರನೆಯ ಜಾರ್ಜ್‌ಗೆ ಬುದ್ಧಿಭ್ರಮಣೆ. ಯುವರಾಜ ರೀಜೆಂಟ್ ಆದರೆ, ಅಂದರೆ ರಾಜನ ಬದಲಿಗೆ ಆಳತೊಡಗಿದರೆ, ರಿಚರ್ಡ್‌ನ ವಿಗ್ ಪಕ್ಷಕ್ಕೆ ಅಧಿಕಾರ, ಯುವರಾಜನ ಆಪ್ತನಾದ ರಿಚರ್ಡ್‌ಗೆ ದೊಡ್ಡ ಹುದ್ದೆ. ಮನೆಯೊಳಗೆ ನಿರೀಕ್ಷೆಯೋ ನಿರೀಕ್ಷೆ. 1789ರ ಫೆಬ್ರವರಿ ಹೊತ್ತಿಗೆ ರಾಜ ಚೇತರಿಸಿಕೊಂಡ. ಯುವರಾಜನಿಗೆ ಅಧಿಕಾರ ವಹಿಸಿಕೊಳ್ಳಿ ಎಂದು ಕೇಳಲು ಐರಿಷ್ ಪಾರ್ಲಿಮೆಂಟಿನ ನಿಯೋಗ ಲಂಡನ್ ಮುಟ್ಟುವಷ್ಟರಲ್ಲಿ ಊಟ ಮುಗಿದು ಎಲೆ ಎತ್ತಿಯಾಗಿತ್ತು. ಇಂಥ ರಾಜಕೀಯವನ್ನು ಹಂಗಿನಲ್ಲಿರುವ ತಂಗಿಯೊಬ್ಬಳು ಮನೆಯ ಮೂಲೆಯಿಂದ ನೋಡಿದ್ದಾಳೆ. ಅಣ್ಣನ ಏಳಿಗೆಯಲ್ಲಿ ಅವಳ ಭವಿಷ್ಯವೂ ಇದೆ, ಆದರೆ ಆ ಏಳಿಗೆಯನ್ನು ನಂಬುವಷ್ಟು ಮುಗ್ಧಳಲ್ಲ. ಈ ಎರಡು ಮನಸ್ಸು ಅವಳ ಗದ್ಯಕ್ಕೆ ಬಿಗಿ ತಂದಿದೆ. ಅವಳು ‘ಲೂಸಿ ಆಸ್ಮಂಡ್’, ‘ದಿ ಇಂಡಿಯಾ ವಾಯೇಜ್’, ‘ದಿ ಸಿಸ್ಟರ್’ ಕಾದಂಬರಿಗಳನ್ನೂ ಬರೆದಳು. ಇಂದು ಅವುಗಳ ಹೆಸರು ಬಲ್ಲವರೂ ಕಡಿಮೆ, ಅದರಲ್ಲಿ ಅನ್ಯಾಯವೇನೂ ಇಲ್ಲ.

ಮರಿಯಾ ಎಜ್‌ವರ್ತ್‌ಳದು (1768–1849) ಬೇರೆಯೇ ದರ್ಜೆ. ಹುಟ್ಟಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್. ಹದಿಹರೆಯದಲ್ಲಿ ಬಂದು ನೆಲೆಸಿದ್ದು ಐರ್ಲೆಂಡಿನ ಲಾಂಗ್‌ಫರ್ಡ್ ಸೀಮೆಯ ಎಜ್‌ವರ್ತ್ಸ್‌ಟೌನ್‌ನಲ್ಲಿ, ತಂದೆಯ ಜಮೀನಿನಲ್ಲಿ. ತಂದೆಗೆ ನಾಲ್ಕು ಮದುವೆ, 22 ಮಕ್ಕಳು. ಕೊನೆಯ ಮಲತಾಯಿ ಮರಿಯಾಗಿಂತ ಚಿಕ್ಕವಳು. ಹೀಗಾಗಿ ಮರಿಯಾ ‘ತಂಗಿಗೆ’ ಎಂದು ಬರೆದ ಪತ್ರವೆಂದರೆ ಒಂದು ಸಣ್ಣ ಸಭೆಗೆ ಬರೆದಂತೆ. ಪುಸ್ತಕದ ಕೋಣೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು, ಬಳಿಕ ನೇವನ್ ಬಳಿಯ ಬ್ಲ್ಯಾಕ್ ಕಾಸಲ್‌ನಲ್ಲಿದ್ದ ಸೋದರತ್ತೆಯ ಮನೆಗೂ ಅದು ಹೋಗುತ್ತಿತ್ತು. ಅಂಚೆಯ ಖರ್ಚಿನ ಲೆಕ್ಕವೂ ಇತ್ತು. 1840ರಲ್ಲಿ ಪೆನ್ನಿ ಅಂಚೆ ಬರುವ ಮುನ್ನ ದುಡ್ಡು ತೆರುತ್ತಿದ್ದವರು ಸಾಮಾನ್ಯವಾಗಿ ಪತ್ರ ಪಡೆದವರು, ಅದೂ ಹಾಳೆಯ ಲೆಕ್ಕದಲ್ಲಿ. ತಪ್ಪಿಸಿಕೊಳ್ಳುವ ದಾರಿ ಎಂದರೆ ಪಾರ್ಲಿಮೆಂಟ್ ಸದಸ್ಯರ ಉಚಿತ ಅಂಚೆ ಸವಲತ್ತು: ವಿಳಾಸ, ತಾರೀಖು ಎಲ್ಲವನ್ನೂ ಸದಸ್ಯನೇ ಕೈಯಾರೆ ಬರೆದು ಸಹಿ ಹಾಕಬೇಕು, ದಿನಕ್ಕೆ ಹತ್ತೇ ಕಳಿಸಬಹುದು. ಮರಿಯಾಳ ಸಂಪರ್ಕಗಳು ಇಲ್ಲಿ ಒದಗಿಬಂದವು. ಅವಳ ಪತ್ರಗಳ ಧಾರಾಳತನವನ್ನು ಹೊಗಳುವ ವಿಮರ್ಶಕರು ಈ ಧಾರಾಳಕ್ಕೆ ಯಾರು ಸಹಿ ಹಾಕಿದರು ಎಂಬುದನ್ನು ಕೇಳಿದಂತಿಲ್ಲ.

1813ರಲ್ಲಿ ಲಂಡನ್ನಿಗೆ ಹೋದಾಗ ಅವಳೇ ಊರಿನ ಆಕರ್ಷಣೆ. ಎಲ್ಲರೂ ಮುಗಿಬೀಳುತ್ತಿದ್ದ ಬೈರನ್‌ನನ್ನು ನೋಡಿ, ಗಮನಿಸುವಂಥ ರೂಪವೇನಲ್ಲ ಎಂದು ಬರೆದು ಮುಂದೆ ಹೋಗುತ್ತಾಳೆ. ಇದಕ್ಕಿಂತ ನನಗೆ ಹಿಡಿಸುವುದು 1822ರಲ್ಲಿ ನ್ಯೂಗೇಟ್ ಜೈಲಿಗೆ ಹೋದ ಪತ್ರ. ಎಲಿಜಬೆತ್ ಫ್ರೈ ಎಂಬ ಕ್ವೇಕರ್ ಮಹಿಳೆ ಅಲ್ಲಿ ಹೆಣ್ಣು ಕೈದಿಗಳಿಗೆ ಬೈಬಲ್ ಓದಿ ಹೇಳುತ್ತಿದ್ದಳು. ಮರಿಯಾ ಫ್ರೈಯ ಗುಣಗಾನಕ್ಕೆ ಮೊದಲು ಅವಳ ಮಾಸಲು ಬಣ್ಣದ ರೇಷ್ಮೆ ನಿಲುವಂಗಿಯನ್ನೂ ಅಂಚಿಲ್ಲದ ಸಾದಾ ಟೋಪಿಯನ್ನೂ ನೋಡುತ್ತಾಳೆ. ಇದೇ ಮರಿಯಾ ಜೈಲಿನ ಕಥೆಯೊಂದನ್ನು ಅಚ್ಚಿಗೆಂದು ಬರೆದಿದ್ದರೆ ಕೈದಿಗಳೆಲ್ಲ ಕೊನೆಯ ಪುಟದೊಳಗೆ ತಿದ್ದಿಕೊಂಡು ಸಜ್ಜನರಾಗಿಬಿಡುತ್ತಿದ್ದರು.

ಈ ಮಾತು ಕಟುವಾಯಿತು ಎನ್ನುವವರು 1804ರ ‘ಪಾಪ್ಯುಲರ್ ಟೇಲ್ಸ್’ ಸಂಕಲನದ ‘ಲೇಮ್ ಜರ್ವಾಸ್’ ಕಥೆ ಓದಬೇಕು. ನಮ್ಮ ಟಿಪ್ಪು ಸುಲ್ತಾನ್ ಅದರಲ್ಲೊಂದು ಪಾತ್ರ! ಗಣಿಯಲ್ಲಿ ದುಡಿದ ಇಂಗ್ಲಿಷ್ ಹುಡುಗ ಪ್ರಾಮಾಣಿಕತೆಯ ಬಲದಿಂದ ಟಿಪ್ಪುವಿನ ಆಸ್ಥಾನ ಸೇರಿ, ರಾಜಕುಮಾರನಿಗೆ ವಿಜ್ಞಾನದ ಉಪಕರಣ ತೋರಿಸಿ, ಕೊನೆಗೆ ಹಣವಂತನಾಗುತ್ತಾನೆ. ಮರಿಯಾ ಮೈಸೂರು ಸೀಮೆಯನ್ನು ಕಂಡವಳಲ್ಲ. ಅದು ತಪ್ಪೂ ಅಲ್ಲ, ಆದರೆ ಕಥೆಯಲ್ಲಿರುವ ಸುಲ್ತಾನ ಒಂದು ಪಾಠಕ್ಕೆ ಬೇಕಾದ ಬೊಂಬೆ. ಜೈಲಿನಲ್ಲಿ ಟೋಪಿಗೆ ಅಂಚಿಲ್ಲದ್ದನ್ನು ಕಂಡ ಕಣ್ಣು ಇಲ್ಲಿ ಮುಚ್ಚಿದೆ.

ಹಾಗಾದರೆ ‘ಕಾಸಲ್ ರ‍್ಯಾಕ್‌ರೆಂಟ್’? 1800ರ ಆ ಕಾದಂಬರಿ ನನ್ನ ವಾದವನ್ನು ಮುರಿಯುತ್ತದೆ ಎನ್ನಬಹುದು. ನನಗೆ ಅದೇ ಸಾಕ್ಷಿ. ಮನೆಯ ಕಾರಭಾರಿ ಜಾನ್ ಲ್ಯಾಂಗನ್‌ನ ಮಾತಿನ ಧಾಟಿಯನ್ನು ಮರಿಯಾ ಅತ್ತೆಯ ಮನೆಯವರ ಮುಂದೆ ಅಣಕಿಸಿ ನಗಿಸುತ್ತಿದ್ದಳು. ಬರೆದಿಡು ಎಂದರು, ಬರೆದಳು. ಅವಳ ಬಹುಪಾಲು ಬರಹದ ಮೇಲೆ ಕೈಯಾಡಿಸುತ್ತಿದ್ದ ತಂದೆ ಇದನ್ನು ಮುಟ್ಟಲಿಲ್ಲ. ಅವಳ ಅತ್ಯುತ್ತಮ ಕಾದಂಬರಿ ಹುಟ್ಟಿದ್ದು ಪತ್ರಗಳು ಹುಟ್ಟಿದ ಜಾಗದಲ್ಲೇ, ಮನೆಮಂದಿಯನ್ನು ನಗಿಸುವ ಆಸೆಯಲ್ಲಿ.

ಲೇಡಿ ಮಾರ್ಗನ್ ಬಗ್ಗೆ ಹೆಚ್ಚು ಹೇಳಲಾರೆ. 1806ರ ‘ವೈಲ್ಡ್ ಐರಿಷ್ ಗರ್ಲ್’ ಗೆದ್ದ ಮೇಲೆ ಆ ಕಾದಂಬರಿಯ ನಾಯಕಿಯ ವೇಷದಲ್ಲೇ, ಹಾರ್ಪ್ ವಾದ್ಯ ಹಿಡಿದು, ಶ್ರೀಮಂತರ ಹಜಾರಗಳನ್ನು ಗೆದ್ದವಳು. 1837ರಲ್ಲಿ ಸರ್ಕಾರದಿಂದ ವರ್ಷಕ್ಕೆ 300 ಪೌಂಡ್ ಪಿಂಚಣಿ ಪಡೆದು ಲಂಡನ್ನಿಗೇ ಹೋಗಿ ನೆಲೆಸಿದಳು. ತಂಗಿ ಒಲಿವಿಯಾಗೆ ಬರೆದ ಪತ್ರಗಳಲ್ಲಿ ಗೆಲುವಿದೆ, ಸೊಗಸಿದೆ. ಆದರೆ ತಂಗಿಯ ಹೆಗಲಾಚೆ ಯಾರೋ ಓದುತ್ತಿದ್ದಾರೆಂಬ ಎಚ್ಚರ ಅವಳನ್ನು ಬಿಡುವುದಿಲ್ಲ.

ಪರಂಪರೆಯ ದೊಡ್ಡ ಕೊರತೆ ಬೇರೆಡೆ ಇದೆ. ಆಗ ಲಂಡನ್ನಿನ ಸೇಂಟ್ ಜೈಲ್ಸ್ ಕೊಳೆಗೇರಿಯಲ್ಲಿ ಬಡ ಐರಿಷರು ಕಿಕ್ಕಿರಿದಿದ್ದರು. ಈ ಪತ್ರಗಳ ಲಂಡನ್ನಿನಲ್ಲಿ ಅವರಿಗೆ ಜಾಗ ಸಿಕ್ಕಿದ್ದು ಅಷ್ಟಕ್ಕಷ್ಟೆ. ‘ತವರು’ ಎಂದರೆ ಇಲ್ಲಿ ಜಮೀನ್ದಾರರ, ವಿದ್ಯಾವಂತ ಪ್ರೊಟೆಸ್ಟೆಂಟರ ಮನೆ. ಮರಿಯಾಳಿಗೆ ಒಕ್ಕಲುಗಳ ಚಿಂತೆ ಇರಲಿಲ್ಲ ಎನ್ನುವಂತಿಲ್ಲ. 1821ರಲ್ಲಿ ಗ್ಯಾಟ್‌ಕೂಮ್‌ನಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಮನೆಯಲ್ಲಿ ಉಳಿದು ಬಂದ ಮೇಲೆ, ಐರ್ಲೆಂಡಿನ ಜನ ಆಲೂಗಡ್ಡೆಯೊಂದನ್ನೇ ನೆಚ್ಚಿಕೊಂಡಿರುವುದು ಸರಿಯೇ ಎಂದು ಇಬ್ಬರೂ ಪತ್ರದಲ್ಲಿ ವಾದಿಸಿದರು. ಎರಡು ದಶಕದ ಬಳಿಕ ಆ ಬೆಳೆ ಕೊಳೆತು ಕ್ಷಾಮ ಬಂದಾಗ, ಎಂಬತ್ತರ ಹೊಸ್ತಿಲಲ್ಲಿದ್ದ ಮರಿಯಾ ಊರಿನ ಬಡವರಿಗಾಗಿ ಧಾನ್ಯ ಬೇಡಿ ಪತ್ರ ಬರೆದಳು. ಆದರೆ ಈ ಚಿಂತೆಯೆಲ್ಲ ರಿಕಾರ್ಡೊ ಜೊತೆಗಿನ ವಾದದ, ನೆರವು ಬೇಡಿದ ಪತ್ರಗಳದ್ದು. ತಂಗಿಯರಿಗೆ ಬರೆದ ಲಂಡನ್ನಿನಲ್ಲಿ ದೀಪ, ಔತಣ, ಮಾತು.

ಈ ಪತ್ರಗಳಿಗೆ ಕತ್ತರಿ ಹಾಕಿದವರೂ ಮನೆಯವರೇ. ತನ್ನ ಬದುಕು ಬರೀ ಮನೆವಾರ್ತೆ, ಅದರಲ್ಲಿ ಜನಕ್ಕೆ ಬೇಕಾದ್ದೇನಿದೆ ಎನ್ನುತ್ತಿದ್ದಳು ಮರಿಯಾ. ಆ ಕೊನೆಯ ಮಲತಾಯಿ ಸೋಸಿಟ್ಟ ಪತ್ರಗಳು ಅವಳು ತೀರಿಕೊಂಡ ಮೇಲೆ, 1867ರಲ್ಲಿ, ಖಾಸಗಿಯಾಗಿ ಅಚ್ಚಾದವು. 1894ರಲ್ಲಿ ಆಗಸ್ಟಸ್ ಹೇರ್ ತಂದ ಎರಡು ಸಂಪುಟಗಳು ಆ ಸೋಸಿದ್ದನ್ನೇ ಆಧರಿಸಿದವು. ಹಸ್ತಪ್ರತಿಗಳಿಗೇ ಮರಳಿ ಕ್ರಿಸ್ಟಿನಾ ಕಾಲ್ವಿನ್ ‘ಲೆಟರ್ಸ್ ಫ್ರಮ್ ಇಂಗ್ಲೆಂಡ್’ ಹೊರತಂದದ್ದು 1971ರಲ್ಲಿ. ಬೆಟ್ಸಿಯ ಪತ್ರಗಳು ವಂಶಸ್ಥ ವಿಲಿಯಂ ಲೆಫಾನು ಸಂಪಾದಿಸುವವರೆಗೆ, 1960ರವರೆಗೆ, ಕಾದವು.

ಮರಿಯಾ ದೊಡ್ಡ ಲೇಖಕಿ, ಅದರಲ್ಲಿ ಎರಡು ಮಾತಿಲ್ಲ. ಪತ್ರ ಬರೆಯುವುದರಲ್ಲಿ ಮಾತ್ರ ನನ್ನ ಮತ ಬೆಟ್ಸಿಗೆ. ಸನ್ಮಾನಕ್ಕೆ ಬಂದ ಅತಿಥಿಗೆ ಎಲ್ಲರೂ ತಮ್ಮ ಒಳ್ಳೆಯ ಮುಖ ತೋರಿಸುತ್ತಾರೆ. ಅಣ್ಣನ ಮನೆಯ ಮೂಲೆಯಲ್ಲಿರುವ ತಂಗಿಗೆ ಯಾರೂ ಮುಖ ಸರಿಮಾಡಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ಕಾಲ್ವಿನ್, ಲೆಫಾನು ಸಂಪಾದಿಸಿದ ಈ ಎರಡು ಪುಸ್ತಕ ಕೈಗೆ ಸಿಕ್ಕಿದವರು ಬೆಟ್ಸಿಯಿಂದಲೇ ಶುರುಮಾಡಲಿ, ಅದರಲ್ಲೂ 1788ರ ಚಳಿಗಾಲದಿಂದ. ಕೊನೆಯಲ್ಲಿರುವ ಹೆಸರುಗಳ ಪಟ್ಟಿಯನ್ನು ಮೊದಲು ತೆರೆಯಬೇಡಿ.