ಕನ್ನಡಿಯ ಮುಂದಿನ ಹರೆಯ

ಹರೆಯದ ವಿದ್ಯಾರ್ಥಿಗಳ ಚಿತ್ರವನ್ನು ಅವರಿಂದಲೇ ಬರೆಯಿಸಿ, ಅದರ ನೆವದಿಂದ ಮನಶ್ಶಾಸ್ತ್ರದ ನಾಲ್ಕು ಮಾತನಾಡಿ, ‘ನಾನು ಯಾರು?’ ಎಂಬ ಪ್ರಶ್ನೆಯ ಎದುರಿಗೆ ಅವರನ್ನು ನಿಲ್ಲಿಸುವ ಶಿಕ್ಷಣಕ್ರಮವೊಂದು ಈಚೆಗೆ ಅಲ್ಲಲ್ಲಿ ಬಳಕೆಗೆ ಬರುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಶಾಲೆಗಳಿಗಾಗಿ ಎಣಿಸಿ ಹೇಳಿದ ಹತ್ತು ಜೀವನ ಕೌಶಲಗಳಲ್ಲಿ ತನ್ನ ತಾನರಿಯುವುದೂ ಒಂದು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ನಮ್ಮ ತರಗತಿಗಳಿಗೆ ಈ ಕ್ರಮ ಸಲ್ಲುವುದೆ? ಸಲ್ಲುವುದಾದರೆ ಯಾವ ಕರಾರಿನ ಮೇಲೆ? ವಿಚಾರಿಸತಕ್ಕ ಮಾತು.

ನಮ್ಮ ಹುಡುಗರಿಗೆ ‘ನಿನ್ನ ವಿಷಯವಾಗಿ ಬರೆ’ ಎಂದರೆ ಬರುವುದೇನು? ಹೆಸರು, ಊರು, ತಂದೆಯ ಉದ್ಯೋಗ, ಹತ್ತನೆಯ ತರಗತಿಯ ಅಂಕ. ಇವೆಲ್ಲ ಶಾಲೆಯ ದಾಖಲೆಯಲ್ಲಿ ಮೊದಲೇ ಇವೆ. ಮಾತು ರೂಢಿಯ ಜಾಡನ್ನು ಬೇಗ ಹಿಡಿಯುತ್ತದೆ, ರೇಖೆ ಹಾಗಲ್ಲ. ತನ್ನ ಮೂಗನ್ನು ಬರೆಯಬೇಕಾದವನು ಮೊದಲು ಅದನ್ನು ನೋಡಬೇಕು. ಕೈಯಲ್ಲಿರುವ ಫೋನು ಕ್ಷಣಕ್ಕೊಂದು ಮುಖವನ್ನು ಹಿಡಿದು, ಒಪ್ಪದ್ದನ್ನು ಅಳಿಸಿಬಿಡುತ್ತದೆ. ಪೆನ್ಸಿಲಾದರೋ ಒಪ್ಪದ ಮುಖದ ಎದುರಿಗೇ ಅರ್ಧ ಗಂಟೆ ಕುಳ್ಳಿರಿಸುತ್ತದೆ.

ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ 1484ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ತನ್ನ ಚಿತ್ರವನ್ನು ತಾನೇ ಬರೆದುಕೊಂಡ. ಅದು ಇಂದಿಗೂ ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯದಲ್ಲಿದೆ. ಬಾಲಕನಾಗಿದ್ದಾಗ ಕನ್ನಡಿ ನೋಡಿ ಬರೆದದ್ದೆಂದು ಆತನೇ ಮುಂದೆ ಅದರ ಮೇಲೆ ಗುರುತು ಹಾಕಿದ್ದಾನೆ. ಬೆಳ್ಳಿಯ ಮೊನೆಯಿಂದ ಎಳೆದ ಗೆರೆ. ತಪ್ಪಿದರೆ ಸುಲಭವಾಗಿ ಅಳಿಸಲು ಬಾರದು. ಆ ಚಿತ್ರದಲ್ಲಿ ಒಂದು ಕೈಯ ಬೆರಳು ಎತ್ತಲೋ ತೋರುತ್ತಿದೆ; ಇನ್ನೊಂದು ಕೈ ತೋಳಿನ ಅರಿವೆಯಲ್ಲಿ ಅಡಗಿದೆ.

ಈ ಅಡಗಿದ ಕೈಯ ಅರ್ಥವೇನು? ಇಲ್ಲಿಯೇ ಅಪಾಯ ಆರಂಭವಾಗುವುದು. ಅಮೆರಿಕದ ಕಾರೆನ್ ಮ್ಯಾಕೋವರ್ 1949ರ ತಮ್ಮ ಗ್ರಂಥದಲ್ಲಿ, ಮನುಷ್ಯಾಕೃತಿಯ ಚಿತ್ರದಿಂದ ಬರೆದವರ ವ್ಯಕ್ತಿತ್ವವನ್ನು ಓದುವ ಕ್ರಮವನ್ನು ವಿವರಿಸಿದರು. ಆ ಕ್ರಮದಲ್ಲಿ ಮರೆಯಾದ ಕೈಗೊಂದು ಅರ್ಥ, ದೊಡ್ಡ ಕಣ್ಣಿಗೊಂದು ಅರ್ಥ. ಆದರೆ 1967ರಲ್ಲಿ ಲೋರೆನ್ ಚಾಪ್‌ಮನ್ ಮತ್ತು ಜೀನ್ ಚಾಪ್‌ಮನ್ ಒಂದು ಪರೀಕ್ಷೆ ಮಾಡಿದರು. ಚಿತ್ರಗಳಿಗೂ ಮನೋವಿಕಾರದ ಲಕ್ಷಣಗಳಿಗೂ ಯಾವ ಸಂಬಂಧವೂ ಉಳಿಯದಂತೆ ಜೋಡಿಸಿ ಕಾಲೇಜು ವಿದ್ಯಾರ್ಥಿಗಳ ಮುಂದಿಟ್ಟರು. ಆದರೂ ಅವರು ಅಲ್ಲಿ ಸಂಬಂಧಗಳನ್ನು ‘ಕಂಡರು’. ಅನುಭವಿಗಳಾದ ಚಿಕಿತ್ಸಕರು ಹೇಳುತ್ತಿದ್ದಂಥ ಸಂಬಂಧಗಳನ್ನೇ ಕಂಡರು! ಅರ್ಥವು ಚಿತ್ರದಲ್ಲಿರಲಿಲ್ಲ, ನೋಡುವವರ ಕಣ್ಣಿನಲ್ಲಿತ್ತು. ಡ್ಯೂರರನ ಅಡಗಿದ ಕೈಗೂ ಸರಳವಾದ ಕಾರಣವೊಂದಿದ್ದೀತು: ಚಿತ್ರ ಬರೆಯುತ್ತಿರುವ ಕೈ ಸುಮ್ಮನೆ ನಿಲ್ಲುವುದಿಲ್ಲ, ಅದನ್ನು ಬರೆಯುವುದು ಕಷ್ಟ.

ಹಾಗಾದರೆ ಮನಶ್ಶಾಸ್ತ್ರಕ್ಕೆ ಇಲ್ಲಿ ಕೆಲಸವಿಲ್ಲವೆ? ಇದೆ, ತೀರ್ಪು ಕೊಡುವ ಕೆಲಸವಲ್ಲ, ಪ್ರಶ್ನೆ ಕೇಳುವ ಕೆಲಸ. ಹರೆಯವೆಂಬುದು ಹಲವು ಪಾತ್ರಗಳನ್ನು ತೊಟ್ಟು ನೋಡಲು ಸಮಾಜ ಕೊಡುವ ಬಿಡುವು ಎಂಬುದು ಎರಿಕ್ ಎರಿಕ್‌ಸನ್ನರ ವಿಚಾರ. ಒಂದೇ ಚಿತ್ರವನ್ನು ಹಿಡಿದು ‘ನೀನು ಇಂಥವನು’ ಎಂದರೆ ಆ ಬಿಡುವನ್ನೇ ಕಸಿದುಕೊಂಡಂತೆ. ರೆಂಬ್ರಾಂಟ್ ತನ್ನನ್ನು ಎಂಬತ್ತರ ಆಸುಪಾಸು ಸಲ ಚಿತ್ರಿಸಿಕೊಂಡ. ಒಂದರ ಹಾಗೆ ಒಂದಿಲ್ಲ. ನಮ್ಮ ಶಿವರಾಮ ಕಾರಂತರು 1948ರಲ್ಲಿ ಆತ್ಮಕಥೆ ಪ್ರಕಟಿಸಿದಾಗ ಅದಕ್ಕೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟರು. ಅಂಥ ಪ್ರೌಢ ಮನಸ್ಸಿಗೇ ಹತ್ತು ಮುಖ ಬೇಕಾದಾಗ, ಹದಿನಾರು ವರ್ಷದ ಹುಡುಗಿಗೆ ಒಂದೇ ಮುಖ ಸಾಕೆನ್ನುವುದು ಯಾವ ನ್ಯಾಯ? ಆದುದರಿಂದ ಚಿತ್ರ ಒಂದಾಗಕೂಡದು. ಜೂನಿನಲ್ಲೊಂದು, ಫೆಬ್ರುವರಿಯಲ್ಲೊಂದು ಬರೆಯಲಿ; ನಡುವೆ ಏನಾಯಿತೆಂಬುದನ್ನು ಅವಳೇ ಹೇಳಲಿ.

ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಹೊಸದಲ್ಲ. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿಸಿಕೊಂಡ ಕನಕದಾಸರು, ಲೋಕ ಹಚ್ಚಿದ ಕುಲದ ಗುರುತನ್ನೇ ‘ನಾನು’ ಎಂದು ಒಪ್ಪಲಿಲ್ಲ. ಅದನ್ನು ಎದುರಿಗಿಟ್ಟು ಪ್ರಶ್ನಿಸಿದರು. ನಮ್ಮ ಮಕ್ಕಳ ಚಿತ್ರಗಳಲ್ಲಿಯೂ ಪರರು ಹಚ್ಚಿದ ಬಣ್ಣಗಳಿರುತ್ತವೆ. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಗೆ ಬೆಲೆ ಬರುವುದು ಕಡುಗೆಂಪು ಬಣ್ಣದಿಂದ. ಅದು ಮೆಣಸಿನಕಾಯಿಗೆ ಸರಿ. ಮನುಷ್ಯರ ಮೈಬಣ್ಣಕ್ಕೂ ಪೇಟೆಯ ಧಾರಣೆಯನ್ನೇ ಹಚ್ಚುವ ಸಮಾಜ ನಮ್ಮದು. ಹುಡುಗಿಯೊಬ್ಬಳು ತನ್ನ ಚಿತ್ರದಲ್ಲಿ ಮೈಬಣ್ಣವನ್ನು ಒಂದು ಛಾಯೆ ತಿಳಿ ಮಾಡಿದಳೆನ್ನಿ. ‘ಕೀಳರಿಮೆ’ ಎಂದು ಚೀಟಿ ಅಂಟಿಸುವವನು ಅಧ್ಯಾಪಕನಲ್ಲ. ‘ಈ ಬಣ್ಣ ಯಾರು ಆರಿಸಿದ್ದು?’ ಎಂದು ಕೇಳಿ, ಉತ್ತರಕ್ಕಾಗಿ ಕಾಯುವವನು ಅಧ್ಯಾಪಕ. ಉತ್ತರ ಬಾರದಿದ್ದರೂ ಚಿಂತೆಯಿಲ್ಲ. ಪ್ರಶ್ನೆ ಅವಳೊಡನೆ ಮನೆಗೆ ಹೋಗುತ್ತದೆ.

ಇನ್ನೆರಡು ಕರಾರುಗಳು. ಈ ಚಿತ್ರಗಳಿಗೆ ಅಂಕ ಕೊಡಬಾರದು. ಅಂಕದ ಆಸೆ ಬಂದೊಡನೆ ಹುಡುಗರು ಅಧ್ಯಾಪಕರಿಗೆ ಬೇಕಾದ ಮುಖವನ್ನು ಬರೆಯುತ್ತಾರೆ. ಮತ್ತು ಅವರು ಒಪ್ಪದೆ ಗೋಡೆಗೆ ತೂಗುಹಾಕಬಾರದು. ನಿಜವಾದ ಸಂಕಟವನ್ನು ವಿದ್ಯಾರ್ಥಿ ಬಾಯಿಬಿಟ್ಟು ಹೇಳಿಕೊಂಡರೆ, ಅದನ್ನು ಬಲ್ಲ ವೈದ್ಯರ ಬಳಿಗೆ ಮುಟ್ಟಿಸುವುದೇ ಧರ್ಮ; ಅರ್ಧ ಓದಿದ ಶಾಸ್ತ್ರದಿಂದ ಚಿಕಿತ್ಸೆಗೆ ತೊಡಗುವುದಲ್ಲ.

ಇಷ್ಟನ್ನು ಪಾಲಿಸಿದರೆ ಈ ಕ್ರಮ ನಮ್ಮಲ್ಲಿ ಸಲ್ಲುತ್ತದೆ. ಒಂದು ಕನ್ನಡಿ, ಒಂದು ಹಾಳೆ, ಒಂದು ಪೆನ್ಸಿಲು ಯಾವ ಬಡ ಶಾಲೆಗೂ ಭಾರವಲ್ಲ. ಕಠಿಣವಾದದ್ದು ಬೇರೆ: ವಿದ್ಯಾರ್ಥಿ ತನ್ನನ್ನು ನೋಡಿಕೊಳ್ಳುತ್ತಿರುವಾಗ ಅಧ್ಯಾಪಕನು ನಡುವೆ ಬಾಯಿ ಹಾಕದೆ ಕುಳಿತಿರುವುದು.