ಆರೋಪಿಯ ಕೈಗೇ ವಕಾಲತ್ತು

ಹೆಂಡತಿಯನ್ನು ಕೊಂದವನೊಬ್ಬ ತನ್ನ ಕಥೆಯನ್ನು ತಾನೇ ಬರೆಯಲು ಕೂತಿದ್ದಾನೆ. ಯಾರಿಗೂ ಅವನ ಮೇಲೆ ಅನುಮಾನವಿಲ್ಲ. ಮಾರ್ಸೆಲಸ್ ಎಮಂಟ್ಸ್ 1894ರಲ್ಲಿ ಪ್ರಕಟಿಸಿದ ‘ಬಿಟ್ಟುಹೋದ ತಪ್ಪೊಪ್ಪಿಗೆ’ ಎಂಬ ಡಚ್ ಕಾದಂಬರಿ ಆರಂಭದಿಂದ ಕೊನೆಯವರೆಗೆ ಈ ವಿಲೆಮ್ ಟೆರ್ಮೇರನ ಬರಹವೇ.

ಮನುಷ್ಯ ತನ್ನ ರಕ್ತ, ನರ, ಪರಿಸರಗಳ ಕೈಗೊಂಬೆ ಎಂಬ ಫ್ರೆಂಚ್ ಕಾದಂಬರಿಕಾರ ಜೋಲಾನ ನ್ಯಾಚುರಲಿಸಂ ಆ ಹೊತ್ತಿಗೆ ಹಾಲೆಂಡಿಗೂ ಬಂದಿತ್ತು. ಲೂಯಿ ಕೂಪೆರುಸ್ ತನ್ನ ಕಾದಂಬರಿ ‘ಏಲಿನೆ ವೇರೆ’ಯಲ್ಲಿ (1889) ಅದನ್ನು ಬಹುಮಟ್ಟಿಗೆ ನಂಬಿಯೇ ಬರೆದ. ಹೇಗ್ ನಗರದ ಸಿರಿವಂತ ಹುಡುಗಿ ಏಲಿನೆ ಒಪೆರಾ ಗಾಯಕ ಫಾಬ್ರಿಸನ ಫೋಟೋಗಳನ್ನು ಕೊಂಡು ತಂದು ಆಲ್ಬಂನಲ್ಲಿ ಬಚ್ಚಿಡುತ್ತಾಳೆ. ನಿಶ್ಚಯವಾದ ಮದುವೆಯನ್ನು ಮುರಿದುಕೊಳ್ಳುತ್ತಾಳೆ. ಕೊನೆಗೆ ಮಾರ್ಫಿನ್ ಹನಿಗಳು ಮಿತಿಮೀರಿ ಸಾಯುತ್ತಾಳೆ. ಫೋಟೋ ಪ್ರಸಂಗ ಸೊಗಸಾಗಿದೆ, ಆ ಹುಡುಗಿಯ ಪೊಳ್ಳು ಬದುಕೆಲ್ಲ ಆ ಆಲ್ಬಂನಲ್ಲೇ ಇದೆ. ಆದರೆ ಅಪ್ಪನಿಂದ ಬಂದ ದುರ್ಬಲ ಸ್ವಭಾವ ಎಂಬ ತೀರ್ಪನ್ನು ನಿರೂಪಕ ಮೊದಲೇ ಕೊಟ್ಟುಬಿಡುವುದರಿಂದ ನಮಗೆ ಮರುಕ ಬಿಟ್ಟು ಬೇರೆ ಕೆಲಸ ಉಳಿಯುವುದಿಲ್ಲ.

ಎಮಂಟ್ಸ್ ಅದೇ ಸಿದ್ಧಾಂತವನ್ನು ಕೊಲೆಗಾರನ ಬಾಯಿಗೇ ಕೊಟ್ಟ. ನಾನು ಹುಟ್ಟಿದ್ದೇ ಹೀಗೆ, ಬೆಳೆದದ್ದೇ ಹೀಗೆ, ನನ್ನಿಂದ ಇನ್ನೇನು ನಿರೀಕ್ಷಿಸುತ್ತೀರಿ ಎಂಬುದು ಟೆರ್ಮೇರನ ವಾದ. ಅಲ್ಲಿಗೆ ಆನುವಂಶಿಕತೆ ವಿಜ್ಞಾನವಾಗಿ ಉಳಿಯದೆ ಜಾಮೀನು ಅರ್ಜಿಯಾಗುತ್ತದೆ. ನಿದ್ದೆಗೆಂದು ಕ್ಲೋರಲ್ ಸೇವಿಸಿ ಮಲಗಿದ್ದ ಹೆಂಡತಿ ಅನ್ನಾಳಿಗೆ ಅದೇ ಔಷಧವನ್ನು ಅವನು ಇನ್ನಷ್ಟು ಕುಡಿಸುವಾಗ ಯಾವ ಪೂರ್ವಜನೂ ಬಾಟಲಿ ಹಿಡಿದಿರುವುದಿಲ್ಲ. ಓದುಗ ಅವನ ಮಾತನ್ನು ಒಪ್ಪುತ್ತ, ಮರುಕ್ಷಣ ಸಿಡಿಮಿಡಿಗೊಳ್ಳುತ್ತ ಸಾಗಬೇಕು. ಡೆಕಡೆಂಟ್ ಎನ್ನಿಸಿಕೊಂಡ ಎಷ್ಟೋ ಕೃತಿಗಳು ದಣಿದ ನರಗಳಿಗೆ ರೇಷ್ಮೆ, ಅತ್ತರು ತೊಡಿಸಿ ಮೆರೆಸುತ್ತವೆ. ಇಲ್ಲಿ ಅಂಥ ಅಲಂಕಾರ ಒಂದೂ ಇಲ್ಲ. ಟೆರ್ಮೇರನ ಬೇಸರ ಬರೀ ಬೇಸರ, ಅವನ ಲಂಪಟತನವೂ ಸಪ್ಪೆ. ಜೆ. ಎಂ. ಕುಟ್ಸಿ ಈ ಕಾದಂಬರಿಯನ್ನು ಇಂಗ್ಲಿಷಿಗೆ ತಂದದ್ದು ಆಶ್ಚರ್ಯವೇನಲ್ಲ. ತಮ್ಮನ್ನೇ ಜಾಲಾಡುತ್ತ ತಮ್ಮಿಂದಲೇ ತಪ್ಪಿಸಿಕೊಳ್ಳುವ ಮಾತುಗಾರರು ಅವರ ಕಾದಂಬರಿಗಳಲ್ಲೂ ಇದ್ದಾರೆ.

ಒಂದು ತಕರಾರಿದೆ. ಅನ್ನಾ ನಮಗೆ ಸಿಗುವುದು ಟೆರ್ಮೇರನ ಕಣ್ಣಿನಿಂದ ಮಾತ್ರ. ಅವಳ ತಣ್ಣನೆಯ ಶಿಸ್ತು ನಿಜವೋ, ಕೊಂದವನಿಗೆ ಬೇಕಾದ ಚಿತ್ರವೋ, ಹೇಳಲಾಗದು. ಇದು ತಂತ್ರದ ಅನಿವಾರ್ಯತೆ ಎಂದು ಎಮಂಟ್ಸ್‌ನ ಪರ ವಾದಿಸಬಹುದು. ಆದರೂ ಅವಳ ಒಂದೇ ಒಂದು ಪತ್ರವನ್ನಾದರೂ ಟೆರ್ಮೇರನ ಕಾಗದಗಳ ನಡುವೆ ಸೇರಿಸಿದ್ದರೆ ಅವನ ವಾದ ಇನ್ನೂ ಕಠಿಣ ಪರೀಕ್ಷೆಗೆ ಒಳಗಾಗುತ್ತಿತ್ತು.