ಲಗ್ನಪತ್ರಿಕೆಯ ಬೆನ್ನಿಗೆ ಒಂದು ಪ್ರಶ್ನೆ

ಲಗ್ನಪತ್ರಿಕೆಗಳನ್ನು ರದ್ದಿಗೆ ಹಾಕುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ದಾವಣಗೆರೆಯಲ್ಲಿ ಮದುವೆ ಸೀಜನ್ ಬಂತೆಂದರೆ ಮನೆಗೆ ಬಂದು ಬೀಳುವ ಪತ್ರಿಕೆಗಳಿಗೆ ಲೆಕ್ಕವಿಲ್ಲ. ಒಳ್ಳೆಯ ದಪ್ಪ ಕಾಗದ, ಹಿಂಬದಿ ಪೂರ್ತಿ ಖಾಲಿ. ಅಂಗೈಯಗಲ ಕತ್ತರಿಸಿ, ಖಾಲಿ ಬೆನ್ನು ಹೊರಗೆ ಬರುವಂತೆ ಮಡಚಿದರೆ ಒಂದು ಮಗ್ಗುಲಿಗೆ ಪ್ರಶ್ನೆ, ಇನ್ನೊಂದಕ್ಕೆ ಉತ್ತರ; ಓದಿದ್ದನ್ನು ನೆನಪಿಡುವ ಕಾರ್ಡು ಸಿದ್ಧ. ವಧೂವರರು ಒಳಗೆ ಕ್ಷೇಮ. ಮಿರಿಮಿರಿ ಮಿಂಚುವ ಕಾಗದ ಮಾತ್ರ ಬೇಡ, ಶಾಯಿ ಹಿಡಿಯುವುದಿಲ್ಲ.

ಕಾರ್ಡಿಗಿಂತ ಮೊದಲು ಓದು. ನಾನು ಹೇಳುತ್ತಿರುವುದು ಒಂದೇ ಪುಸ್ತಕವನ್ನು ಪಟ್ಟು ಹಿಡಿದು ಮುಗಿಸುವ ಓದಲ್ಲ. ಒಂದೇ ಕಾಲಕ್ಕೆ ಏಳೆಂಟು ಪುಸ್ತಕ ತೆರೆದಿಟ್ಟುಕೊಂಡು, ಇದರಲ್ಲೊಂದು ಪುಟ, ಅದರಲ್ಲೊಂದು ಪ್ಯಾರಾ ಓದುವುದು. ಚಂಚಲ ಬುದ್ಧಿ ಎಂದು ಇದಕ್ಕೆ ಮೂಗು ಮುರಿಯುವ ಹಿರಿಯರೇ ಬೆಳಿಗ್ಗೆ ಎದ್ದು ಒಂದು ವಚನ, ಕಗ್ಗದ ಒಂದು ಪದ್ಯ, ಪೇಪರಿನ ಒಂದು ಅಂಕಣ ಓದಿಯೇ ಕಾಫಿ ಕುಡಿಯುವುದು. ಕಗ್ಗದಲ್ಲಿ 945 ಪದ್ಯಗಳಿವೆ. ದಿನಕ್ಕೊಂದರಂತೆ ಎರಡು ವರ್ಷ ಏಳು ತಿಂಗಳು ಬೇಕು. ಸಮಗ್ರ ವಚನ ಸಂಪುಟಗಳು 15. ಅವನ್ನು ಕಾದಂಬರಿಯ ಹಾಗೆ ಒಂದೇ ಉಸಿರಿಗೆ ಓದುತ್ತೇನೆಂದು ಹೊರಟವರು ಎರಡನೇ ಸಂಪುಟದಲ್ಲೇ ನಿದ್ದೆ ಹೋಗುತ್ತಾರೆ.

ಓದಿದ್ದು ನಿಲ್ಲಬೇಕಲ್ಲ! 1885ರಲ್ಲಿ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ತಾನೇ ಮರೆತು, ಮರೆವಿನ ಲೆಕ್ಕ ಪ್ರಕಟಿಸಿದ. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಶ್ರಮ ನೀರುಪಾಲು; ತಿಂಗಳ ಮೇಲೆ ಉಳಿದದ್ದು ಐದರಲ್ಲೊಂದು ಪಾಲು. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೊಮ್ಮೆ ನೆನಪಿಸಿಕೊಂಡರೆ ಮುಂದಿನ ಮರೆವು ತಡವಾಗುತ್ತದೆ. ಇದನ್ನು ರಟ್ಟಿನ ಪೆಟ್ಟಿಗೆಗೆ ಇಳಿಸಿದವನು ಸೆಬಾಸ್ಟಿಯನ್ ಲೈಟ್ನರ್, 1972ರಲ್ಲಿ. ಪೆಟ್ಟಿಗೆಗೆ ಐದು ಖಾನೆ. ಉತ್ತರ ಬಂದ ಕಾರ್ಡು ಮುಂದಿನ ಖಾನೆಗೆ, ಬಾರದ್ದು ಯಾವ ಖಾನೆಯಲ್ಲಿದ್ದರೂ ಮುಲಾಜಿಲ್ಲದೆ ಮೊದಲನೆಯದಕ್ಕೆ. ಮುಂದಿನ ಖಾನೆಗಳನ್ನು ತೆರೆಯುವುದು ಹೆಚ್ಚು ಹೆಚ್ಚು ದಿನ ಬಿಟ್ಟು. 1987ರಲ್ಲಿ ಪೋಲೆಂಡಿನ ವೊಜ್ನಿಯಾಕ್ ಈ ದಿನಗಳ ಲೆಕ್ಕವನ್ನು ಕಂಪ್ಯೂಟರಿಗೆ ವಹಿಸಿದ. ತುಣುಕು ತುಣುಕಾಗಿ ಓದಿ ಅದರಿಂದಲೇ ಕಾರ್ಡು ಹೆರೆಯುವ ಕ್ರಮವನ್ನು ಬೆಳೆಸಿದವನೂ ಅವನೇ. ಇಂದಿನ ಮೆಡಿಕಲ್ ವಿದ್ಯಾರ್ಥಿಗಳ ಮೊಬೈಲಿನಲ್ಲಿರುವ ‘ಅಂಕಿ’ ಆ್ಯಪ್ ಹೊರಟದ್ದೂ ಅವನ ಸೂತ್ರದಿಂದಲೇ.

ಯಂತ್ರ ಲೆಕ್ಕ ಇಡುತ್ತದೆ, ಪ್ರಶ್ನೆ ಮಾತ್ರ ನಾವೇ ಕೇಳಬೇಕು. ‘ಬಸವ ಜಯಂತಿಯ ಆರಂಭದ ಬಗ್ಗೆ ಬರೆಯಿರಿ’ ಎಂದು ಕಾರ್ಡಿನ ಮೇಲೆ ಬರೆದವನು ಪರೀಕ್ಷೆಯ ಭೂತ ಬಿಡದವನು. ಎಲ್ಲಿ? ದಾವಣಗೆರೆಯ ವಿರಕ್ತಮಠ. ಯಾವಾಗ? 1913. ಯಾರು? ಮೃತ್ಯುಂಜಯ ಅಪ್ಪಗಳು, ಹರ್ಡೇಕರ ಮಂಜಪ್ಪನವರು. ಇವು ಮೂರು ಕಾರ್ಡು. ಒಂದಕ್ಕೆ ಒಂದೇ ಪ್ರಶ್ನೆ, ಒಂದೇ ಉಸಿರಿನ ಉತ್ತರ.

ಪಕ್ಕದ ಹರಿಹರ ಇದಕ್ಕೆ ಹೇಳಿಮಾಡಿಸಿದ ಊರು. ಹರಿಹರೇಶ್ವರ ದೇವಸ್ಥಾನದ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿ, ದಾವಣಗೆರೆ ತಾಲ್ಲೂಕಿನ ಹೆಸರಿನಡಿ ಸಿಗುತ್ತವೆ. ಶಾಸನ ತಾನೇ ತುಣುಕಾಗಿ ಬರುತ್ತದೆ: ಸ್ತುತಿ, ರಾಜನ ಬಿರುದುಗಳು, ದಾನ, ಭೂಮಿಯ ಎಲ್ಲೆ, ಕೊನೆಗೆ ದಾನ ಕೆಡಿಸಿದವರಿಗೆ ಶಾಪ. ದಿನಕ್ಕೊಂದು ತುಣುಕು ಸಾಕು. ಬಿರುದುಗಳನ್ನು ಧಾರಾಳವಾಗಿ ಮರೆಯಿರಿ, ಎಲ್ಲೆ ಹೇಳುವ ಸಾಲುಗಳನ್ನು ಬಿಡಬೇಡಿ. ಕೆರೆ, ಹುತ್ತ, ಮರ, ದಾರಿ ಎಲ್ಲ ಅಲ್ಲೇ ಇರುವುದು.

ಇಲ್ಲೊಂದು ಮುಳ್ಳಿದೆ. ದೇವಸ್ಥಾನ ಕಟ್ಟಿಸಿದವನು ಪೋಲಾಳ್ವ ದಂಡನಾಯಕ, 1224ರ ಹೊತ್ತಿಗೆ, ಇಮ್ಮಡಿ ನರಸಿಂಹನ ಕಾಲದಲ್ಲಿ. 1268ರಲ್ಲಿ ಅದಕ್ಕೆ ಕಟ್ಟಡ ಸೇರಿಸಿದವನು ಸೋಮ ದಂಡನಾಯಕ, ಮುಮ್ಮಡಿ ನರಸಿಂಹನ ಕಾಲದಲ್ಲಿ. ಇಬ್ಬರು ದಂಡನಾಯಕರು, ಇಬ್ಬರು ನರಸಿಂಹರು, ಒಂದೇ ಗುಡಿ. ಎರಡೂ ಕಾರ್ಡುಗಳನ್ನು ಒಂದೇ ದಿನ ಬರೆದರೆ ತಿಂಗಳುಗಟ್ಟಲೆ ಒಂದನ್ನೊಂದು ಕೆಡಿಸುತ್ತವೆ. ಪೋಲಾಳ್ವ ಮೂರನೇ ಖಾನೆ ದಾಟಲಿ, ಆಮೇಲೆ ಸೋಮನನ್ನು ಒಳಗೆ ಬಿಡಿ; ಬಿಡುವಾಗ ಸೋಮನಾಥಪುರ ಕಟ್ಟಿಸಿದವನೂ ಇವನೇ ಎಂದು ಬೇರೆಯದೇ ಗೂಟಕ್ಕೆ ಕಟ್ಟಿ.

ಕಾರ್ಡಿನ ಮೂಲೆಯಲ್ಲಿ ಪುಸ್ತಕದ ಹೆಸರು, ಪುಟ ಇರಲೇಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ನೋಡಿ: ಶಾಸನ, ಕಾವ್ಯಗಳನ್ನೆಲ್ಲ ಜಾಲಾಡಿ, ಪದದ ಜೊತೆ ಅದು ಬಂದ ಸಾಲನ್ನೂ ಆಕರವನ್ನೂ ಕಾರ್ಡಿಗೆ ಇಳಿಸಿಯೇ ಕಟ್ಟಿದ್ದು, ಎಂಟನೇ ಸಂಪುಟ ಹೊರಬಂದದ್ದು 1995ರಲ್ಲಿ. ಅದರ ಹಿಂದಿದ್ದ ಜಿ. ವೆಂಕಟಸುಬ್ಬಯ್ಯನವರು ಎಳೆಯ ವಯಸ್ಸಿನಲ್ಲಿ ಕೆಲಕಾಲ ದಾವಣಗೆರೆಯ ಹೈಸ್ಕೂಲಿನಲ್ಲೇ ಮೇಷ್ಟ್ರಾಗಿದ್ದವರು. ಆಕರವಿಲ್ಲದ ಕಾರ್ಡು ಗಾಳಿಸುದ್ದಿ.

ಹಲವು ಪುಸ್ತಕಗಳನ್ನು ಹೀಗೆ ಮೇಯುವುದರ ನಿಜವಾದ ಲಾಭ ಬೇರೆಯೇ ಇದೆ. ಹರಿಹರಕ್ಕೆ ಹಿಂದೆ ಕೂಡಲೂರು ಎಂಬ ಹೆಸರಿತ್ತು ಎಂದು ಒಂದು ಕಾರ್ಡು ಹೇಳುತ್ತದೆ. ತುಂಗಭದ್ರೆ ಇಲ್ಲಿ ಕೂಡುವುದು ಯಾರನ್ನು? ಉತ್ತರ ಇರುವುದು ಚನ್ನಗಿರಿ ಕಡೆಯ ಸೂಳೆಕೆರೆಯ ಬಗ್ಗೆ ಓದುವ ಇನ್ನೊಂದು ಪುಸ್ತಕದಲ್ಲಿ: ಆ ಕೆರೆಯಿಂದ ಹೊರಟ ಹರಿದ್ರಾ ಹಳ್ಳ ಹರಿಹರದಲ್ಲಿ ನದಿ ಸೇರುತ್ತದೆ. ಮೊದಲ ಕಾರ್ಡು ತಲೆಯಲ್ಲಿ ಜೀವಂತ ಇದ್ದವನಿಗೆ ಮಾತ್ರ ಎರಡನೆಯ ಪುಟದಲ್ಲಿ ಕಣ್ಣು ನಿಲ್ಲುತ್ತದೆ. ಇಲ್ಲದವನಿಗೆ ಅದು ನೀರಾವರಿ ಇಲಾಖೆಯ ವಿವರ.

ಆದ್ದರಿಂದ ಬೇರೆಯವರು ಮಾಡಿಟ್ಟ ಕಾರ್ಡುಗಳ ಕಟ್ಟನ್ನು ಇಳಿಸಿಕೊಳ್ಳುವುದು ನನಗೆ ಒಗ್ಗದ ಮಾತು. ಕೆಎಎಸ್‌ಗೆ ಓದುವವರಿಗೆ ಬೇಕಾದೀತು, ಅವರ ಕಷ್ಟ ಅವರಿಗೆ. ಸಂತೋಷಕ್ಕೆ ಓದುವವರು ಓದಿದ ದಿನವೇ ಕಾರ್ಡು ಬರೆಯಲೂಬಾರದು. ಸಾಲಿನ ಪಕ್ಕ ಪೆನ್ಸಿಲ್ ಗೀಟು ಎಳೆದು ವಾರ ಬಿಡಿ. ಮತ್ತೆ ಪುಟ ತೆರೆದಾಗ ಅದು ಏಕೆ ಬೇಕಿತ್ತೆಂದು ಹೊಳೆಯದಿದ್ದರೆ ಒಂದು ಲಗ್ನಪತ್ರಿಕೆ ಉಳಿಯಿತು.